ದೊಡ್ಡ ಕಾಯಿಲೆಯ ನಂತರ ಮತ್ತೆ ಸ್ಕೂಬಾ ಡೈವಿಂಗ್: ಯಾವುದು ಮೊದಲು, ಯಾವುದು ಆಮೇಲೆ

ಹೃದಯಾಘಾತ, ಸ್ಟೆಂಟ್, ಕ್ಯಾನ್ಸರ್ ಚಿಕಿತ್ಸೆ, ಜೋರು ನ್ಯುಮೋನಿಯಾ, ಕಿವಿಯ ಆಪರೇಷನ್. ಇಂಥದ್ದೊಂದನ್ನು ದಾಟಿ ಬಂದ ಡೈವರ್‌ಗಳು ವಾಪಸ್ ನೀರಿಗಿಳಿಯುವಾಗ ಎಡವುವುದು ಹೆಚ್ಚಾಗಿ ಒಂದೇ ಕಡೆ. ಮೊದಲು ಟ್ರಿಪ್ ಬುಕ್ ಮಾಡುತ್ತಾರೆ. ರಜೆ ಹಾಕುತ್ತಾರೆ. ಹೊರಡಲು ನಾಲ್ಕು ದಿನ ಇರುವಾಗ ಫಿಟ್‌ನೆಸ್ ಸರ್ಟಿಫಿಕೇಟ್ ನೆನಪಾಗುತ್ತದೆ. ಆಗ ಡಾಕ್ಟರ ಹತ್ತಿರ ಹೋಗುವುದು ಬರೀ ಸಹಿ ಹಾಕಿಸಿಕೊಳ್ಳಲಿಕ್ಕೆ. ‘ಬೇಡ’ ಅನ್ನುವ ಮಾತು ಕೇಳಿಸಿಕೊಳ್ಳುವ ಮನಸ್ಸೇ ಇರುವುದಿಲ್ಲ.

ಇಲ್ಲಿ ಬುಕಿಂಗ್ ಬರುವುದು ಎಂಟನೇ ಹಂತದಲ್ಲಿ. ಅದಕ್ಕಿಂತ ಮೊದಲಿನ ಯಾವ ಹಂತವನ್ನೂ ಹಾರಿಸಬೇಡಿ, ಹಿಂದೆ ಮುಂದೆ ಮಾಡಬೇಡಿ. ಈಗಾಗಲೇ ಡೈವಿಂಗ್ ಕಲಿತು ಸರ್ಟಿಫಿಕೇಟ್ ಪಡೆದವರಿಗಾಗಿ ಬರೆದದ್ದು ಇದು. ನಿಮ್ಮ ದೇಹ ನೋಡಿ ತೀರ್ಮಾನ ಹೇಳಬೇಕಾದವರು ವೈದ್ಯರೇ. ಅವರ ಮುಂದೆ ಏನೇನು ಇಡಬೇಕು, ಅವರು ಹೂಂ ಅಂದ ಮೇಲೆ ಹೇಗೆ ಮುಂದುವರಿಯಬೇಕು ಅನ್ನುವುದನ್ನು ಮಾತ್ರ ನಾನು ಹೇಳಬಲ್ಲೆ.

## ಇಳಿಯುವ ಮುನ್ನ ಇಷ್ಟು ಗೊತ್ತಿರಲಿ

ನೆಲದ ಮೇಲೆ ಚೆನ್ನಾಗಿರುವ ದೇಹ ನೀರಿನಡಿ ಯಾಕೆ ಕೈಕೊಡುತ್ತದೆ? ಕುತ್ತಿಗೆವರೆಗೆ ನೀರಿಗಿಳಿದ ಕೂಡಲೇ ಕೈಕಾಲುಗಳ ರಕ್ತ ಎದೆಯ ಕಡೆಗೆ ಸರಿಯುತ್ತದೆ, ಅರ್ಧ ಲೀಟರಿಗೂ ಜಾಸ್ತಿ. ನೀರು ತಣ್ಣಗಿದ್ದರೆ ರಕ್ತನಾಳಗಳು ಬಿಗಿದು ಬಿಪಿ ಏರುತ್ತದೆ. ನೀವು ಒಂದು ಸಲ ಕಾಲಿನ ಫಿನ್ (ಈಜುಪಟ್ಟಿ) ಬೀಸುವ ಮೊದಲೇ ಹೃದಯಕ್ಕೆ ಇಷ್ಟು ಹೊರೆ ಬಿದ್ದಿರುತ್ತದೆ.

ಆಮೇಲೆ ಒತ್ತಡ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. ಅದೇ 10 ಮೀಟರಿನಿಂದ ಮೇಲೆ ಬರುವಾಗ ಶ್ವಾಸಕೋಶದ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ಕಾಯಿಲೆಯಿಂದ ಕಲೆಗಟ್ಟಿದ ಶ್ವಾಸಕೋಶದ ಯಾವುದೋ ಮೂಲೆಯಲ್ಲಿ ಗಾಳಿ ಸಿಕ್ಕಿಹಾಕಿಕೊಂಡಿದ್ದರೆ ಆ ಜಾಗ ಹರಿಯಬಹುದು. ಗಾಳಿಗುಳ್ಳೆ ರಕ್ತಕ್ಕೆ ಸೇರಿ ಮೆದುಳಿಗೂ ಹೋಗಬಹುದು. ಆಳ ಕಡಿಮೆ ಇದ್ದರೆ ಅಪಾಯವೂ ಕಡಿಮೆ ಅನ್ನುವ ನಂಬಿಕೆ ಇಲ್ಲಿ ಸುಳ್ಳು. ಗಾಳಿ ಅತಿ ಹೆಚ್ಚು ಹಿಗ್ಗುವುದು ಕೊನೆಯ ಕೆಲವೇ ಮೀಟರ್‌ಗಳಲ್ಲಿ.

ಇನ್ನೊಂದು ವಿಷಯ ಪ್ರಜ್ಞೆ. ದಾರಿಯಲ್ಲಿ ತಲೆ ಸುತ್ತಿ ಬಿದ್ದರೆ ಯಾರಾದರೂ ಎತ್ತಿ ಕೂರಿಸುತ್ತಾರೆ. 18 ಮೀಟರ್ ಅಡಿಯಲ್ಲಿ ಎಚ್ಚರ ತಪ್ಪಿದರೆ ಬಾಯಲ್ಲಿದ್ದ, ಸಿಲಿಂಡರಿನ ಗಾಳಿ ಕೊಡುವ ರೆಗ್ಯುಲೇಟರ್ ಜಾರುತ್ತದೆ, ನೀರು ಒಳಗೆ ಹೋಗುತ್ತದೆ. ಎಚ್ಚರ ತಪ್ಪಿಸಬಲ್ಲ ಕಾಯಿಲೆಗಳ ವಿಷಯದಲ್ಲಿ ಡೈವಿಂಗ್ ವೈದ್ಯರು ಮುಲಾಜಿಲ್ಲದೆ ಬೇಡ ಅನ್ನುವುದು ಅದಕ್ಕೇ.

## ಹಂತ 1: ಕಾಗದಗಳನ್ನು ಒಂದೇ ಫೈಲಿಗೆ ತನ್ನಿ

ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ವಿವರ, ಇಸಿಜಿ, ಎಕೋ, ಸಿಟಿ ಸ್ಕ್ಯಾನ್ ರಿಪೋರ್ಟ್, ಈಗ ತಗೊಳ್ಳುತ್ತಿರುವ ಮಾತ್ರೆಗಳ ಪಟ್ಟಿ. ಪ್ರತಿ ಮಾತ್ರೆಯ ಡೋಸ್ ಎಷ್ಟು, ಕೊನೆಯ ಸಲ ಬದಲಾದದ್ದು ಯಾವಾಗ ಅಂತಲೂ ಬರೆಯಿರಿ. ‘ಎಲ್ಲಾ ನಾರ್ಮಲ್’ ಅಂತ ಇರುವ ಕೊನೆಯ ರಿಪೋರ್ಟ್ ಒಂದನ್ನೇ ಹಿಡಿದುಕೊಂಡು ಹೋಗುವವರು ತುಂಬಾ ಜನ. ವೈದ್ಯರಿಗೆ ಬೇಕಾಗಿರುವುದು ಕಾಯಿಲೆ ಜೋರಾಗಿದ್ದಾಗಿನ ಕಾಗದ.

ಇದರ ಜೊತೆ ಒಂದು ಹಾಳೆಯಲ್ಲಿ ಕಾಯಿಲೆ ಬಿಟ್ಟುಹೋಗಿರುವುದನ್ನೆಲ್ಲ ಬರೆದಿಡಿ. ಎಡಗಾಲಿನ ಬೆರಳುಗಳಲ್ಲಿ ಜೋಮು. ಬಲ ಭುಜ ಪೂರ್ತಿ ಮೇಲೇಳುವುದಿಲ್ಲ. ಒಂದು ಕಿವಿ ಸ್ವಲ್ಪ ಮಂದ. ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಂತರೆ ವಾಲುತ್ತೇನೆ. ಇದು ಸುಮ್ನೆ ಬರೆಯುವ ಪಟ್ಟಿ ಅಲ್ಲ. ನಾಳೆ ಡೈವ್ ಮುಗಿಸಿ ಬಂದಾಗ ಕಾಲು ಜೋಮು ಹಿಡಿದರೆ, ಅದು ಹಳೆಯದೋ ಅಥವಾ ಮೇಲೆ ಬರುವಾಗ ಮೈಯಲ್ಲಿ ಸಾರಜನಕದ ಗುಳ್ಳೆಗಳೇಳುವ ಬೆಂಡ್ಸ್ ಅನ್ನುವ ಡಿಕಂಪ್ರೆಷನ್ ಕಾಯಿಲೆಯೋ ಎಂದು ನೋಡುವ ವೈದ್ಯರಿಗೆ ಈ ಹಾಳೆಯೇ ಆಧಾರ. ಒಂದು ಪ್ರತಿ ಫೋನಿನಲ್ಲಿ, ಇನ್ನೊಂದು ಡೈವ್ ಬ್ಯಾಗಿನಲ್ಲಿ ಇರಲಿ.

## ಹಂತ 2: ಡೈವಿಂಗ್ ಬಲ್ಲ ವೈದ್ಯರನ್ನು ಹಿಡಿಯಿರಿ

ಹೃದಯ ತಜ್ಞರು ‘ನೀವು ಫಿಟ್’ ಅಂದರೆ ನಡೆಯಬಹುದು, ಮೆಟ್ಟಿಲು ಹತ್ತಬಹುದು, ಆಫೀಸಿಗೆ ಹೋಗಬಹುದು ಎಂದರ್ಥ. 20 ಮೀಟರ್ ನೀರಿನಡಿಯ ಲೆಕ್ಕ ಅವರ ತಲೆಯಲ್ಲಿ ಇರಬೇಕೆಂದೇನಿಲ್ಲ. ಡೈವಿಂಗ್ ವೈದ್ಯರಿಗೆ ಒತ್ತಡದ ಲೆಕ್ಕ ಗೊತ್ತು, ನಿಮ್ಮ ಹೃದಯದ ಚರಿತ್ರೆ ಗೊತ್ತಿಲ್ಲ. ಇಬ್ಬರೂ ಬೇಕು. ಹತ್ತಿರದಲ್ಲಿ ಡೈವಿಂಗ್ ವೈದ್ಯರು ಸಿಗದಿದ್ದರೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್, ಅಂದರೆ ಡ್ಯಾನ್, ತುರ್ತಲ್ಲದ ವೈದ್ಯಕೀಯ ಪ್ರಶ್ನೆಗಳಿಗೂ ಉತ್ತರ ಕೊಡುತ್ತದೆ.

ಡೈವ್ ಸೆಂಟರ್‌ಗಳು ಕೊಡುವ 10 ಪ್ರಶ್ನೆಗಳ ಡೈವರ್ ಮೆಡಿಕಲ್ ಫಾರ್ಮ್ ನಿಮಗೆ ಗೊತ್ತೇ ಇದೆ. ಅದರ ಜೊತೆಗೆ ವೈದ್ಯರಿಗಾಗಿಯೇ ಬರೆದ ಒಂದು ಮಾರ್ಗಸೂಚಿಯೂ ಇದೆ. ಯಾವ ಕಾಯಿಲೆಗೆ ಏನು ನೋಡಬೇಕು ಅಂತ ಅದರಲ್ಲಿ ಒಂದೊಂದಾಗಿ ಹೇಳಿದ್ದಾರೆ. ಅದನ್ನೂ ಪ್ರಿಂಟ್ ತೆಗೆದು ವೈದ್ಯರ ಮೇಜಿನ ಮೇಲಿಡಿ. ಹೀಗೆ ಮಾಡಿದರೆ ಸಂಕೋಚ ಪಡಬೇಕಾದ್ದೇನೂ ಇಲ್ಲ, ಬಹಳಷ್ಟು ವೈದ್ಯರು ಖುಷಿಯಿಂದಲೇ ಓದುತ್ತಾರೆ.

ಡೈವ್ ಮಾಡಬಹುದಾ ಅಂತಷ್ಟೇ ಕೇಳಿ ಎದ್ದು ಬರಬೇಡಿ. ಎಷ್ಟು ಆಳ? ತಣ್ಣೀರು ಆಗುತ್ತದಾ? ಹರಿವು ಇರುವ ಜಾಗ ಆಗುತ್ತದಾ? ದಿನಕ್ಕೆ ಎಷ್ಟು ಡೈವ್? ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ) ಬಳಸಬಹುದಾ? ಮತ್ತೆ ಯಾವಾಗ ತೋರಿಸಬೇಕು? ಉತ್ತರಗಳನ್ನು ಅಲ್ಲೇ ಬರೆದುಕೊಳ್ಳಿ. ದೊಡ್ಡ ಕಾಯಿಲೆಯ ನಂತರ ಸಿಗುವ ‘ಹೂಂ’ ಹೆಚ್ಚಾಗಿ ಷರತ್ತಿನ ಹೂಂ. ಷರತ್ತು ಮರೆತರೆ ಆ ಅನುಮತಿಗೆ ಅರ್ಥವಿಲ್ಲ.

ಒಬ್ಬರು ಬೇಡ ಅಂದರೆ ಎರಡನೆಯವರನ್ನು ಕೇಳುವುದು ತಪ್ಪಲ್ಲ. ಆದರೆ ಮೊದಲನೆಯವರು ಬೇಡ ಅಂದದ್ದನ್ನು ಎರಡನೆಯವರಿಂದ ಮುಚ್ಚಿಟ್ಟು ಕೇಳುವುದು ನಮಗೆ ನಾವೇ ಟೋಪಿ ಹಾಕಿಕೊಂಡ ಹಾಗೆ. ಇನ್ನು ಡೈವ್ ಸೆಂಟರಿನಲ್ಲಿ ಆ 10 ಪ್ರಶ್ನೆಗಳಿಗೂ ಕಣ್ಣುಮುಚ್ಚಿ ‘ಇಲ್ಲ’ ಅಂತ ಟಿಕ್ ಹಾಕುವವರ ಕತೆ. ನನ್ನ ಪ್ರಕಾರ ಈ ಆಟದಲ್ಲಿ ಇದಕ್ಕಿಂತ ಕೆಟ್ಟ ಅಭ್ಯಾಸ ಬೇರೊಂದಿಲ್ಲ. ಇನ್ಶೂರೆನ್ಸ್ ಕೈತಪ್ಪಬಹುದು. ಅದು ಸಣ್ಣ ನಷ್ಟ. ನಿಮ್ಮನ್ನು ಕಾಪಾಡಲು ಬರುವವರಿಗೆ ನಿಮಗೆ ಏನಾಗಿದೆ ಅಂತಲೇ ಗೊತ್ತಿರುವುದಿಲ್ಲ.

## ಹಂತ 3: ನಿಮ್ಮ ಕಾಯಿಲೆಯ ಕಾಯುವ ಅವಧಿ ತಿಳಿಯಿರಿ

ಹೃದಯಾಘಾತ, ಸ್ಟೆಂಟ್, ಬೈಪಾಸ್. ಸಾಮಾನ್ಯವಾಗಿ 6ರಿಂದ 12 ತಿಂಗಳು ಕಾಯಲು ಹೇಳುತ್ತಾರೆ. ಆಮೇಲೆ ಟ್ರೆಡ್‌ಮಿಲ್ ಪರೀಕ್ಷೆ, ಎಕೋ. ಬೈಪಾಸ್ ಆದವರು ಒಂದು ಮಾತು ಮರೆಯಬಾರದು. ಎದೆ ತೆರೆದು ಮಾಡಿದ ಆಪರೇಷನ್ ಅದು, ಆದ್ದರಿಂದ ಶ್ವಾಸಕೋಶವನ್ನೂ ಪರೀಕ್ಷಿಸಬೇಕು. ಪೇಸ್‌ಮೇಕರ್ ಇದ್ದರೆ ಅದು ಎಷ್ಟು ಒತ್ತಡ ತಡೆಯುತ್ತದೆ ಅಂತ ತಯಾರಕರ ದಾಖಲೆಯಲ್ಲಿ ನೋಡಿ. ಅದನ್ನು ಹಾಕಿಸಬೇಕಾಗಿ ಬಂದ ಕಾರಣವನ್ನು ಅದಕ್ಕಿಂತ ಮುಖ್ಯವಾಗಿ ನೋಡಬೇಕು. ಎದೆಯೊಳಗೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಇರುವವರಿಗೆ ಹೆಚ್ಚಾಗಿ ಬೇಡ ಅನ್ನುತ್ತಾರೆ.

ಹೃದಯದ ರಂಧ್ರ ಮುಚ್ಚಿಸಿಕೊಂಡವರು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ, ಪಿಎಫ್‌ಒ ಅನ್ನುವ ಸಣ್ಣ ರಂಧ್ರ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಇರುತ್ತದೆ. ಗುಳ್ಳೆಗಳು ಇದರ ಮೂಲಕ ದಾಟದಿರಲಿ ಅಂತ ಬೆಂಡ್ಸ್ ಆದ ಮೇಲೆ ಕೆಲವರು ಇದನ್ನು ಮುಚ್ಚಿಸುತ್ತಾರೆ. ಮುಚ್ಚಿದ ನಂತರ ಕನಿಷ್ಠ 3 ತಿಂಗಳು ಕಾಯಬೇಕು, ರಕ್ತಕ್ಕೆ ಸಣ್ಣ ಗುಳ್ಳೆ ಬಿಟ್ಟು ನೋಡುವ ಬಬಲ್ ಎಕೋದಲ್ಲಿ ಪೂರ್ತಿ ಮುಚ್ಚಿದೆ ಎಂದು ಖಚಿತವಾಗಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಜೋರು ಮಾತ್ರೆಗಳೂ ನಿಂತಿರಬೇಕು, ಆಸ್ಪಿರಿನ್ ಪರವಾಗಿಲ್ಲ.

ಶ್ವಾಸಕೋಶ. ಏಟು ಬೀಳದೆ ತಾನಾಗಿಯೇ ಶ್ವಾಸಕೋಶ ಕುಸಿದ ಚರಿತ್ರೆ ಇದ್ದರೆ, ಎಷ್ಟು ವರ್ಷ ಹಳೆಯದಾದರೂ ಡೈವಿಂಗ್ ಬೇಡ ಎನ್ನುವುದೇ ಸಾಮಾನ್ಯ ಉತ್ತರ. ಬೇಸರದ ಸಂಗತಿ, ಆದರೆ ವಾದ ಮಾಡಿ ಗೆಲ್ಲುವ ವಿಷಯ ಅಲ್ಲ. ಕೋವಿಡ್ ಅಥವಾ ನ್ಯುಮೋನಿಯಾದಿಂದ ಐಸಿಯು ಸೇರಿ ಬಂದವರು ಎದೆಯ ಸ್ಕ್ಯಾನ್, ಸ್ಪೈರೋಮೆಟ್ರಿ (ಊದಿಸಿ ನೋಡುವ ಉಸಿರಿನ ಪರೀಕ್ಷೆ), ಎಕೋ ಮಾಡಿಸಬೇಕು. ವ್ಯಾಯಾಮದ ಹೊತ್ತಿನಲ್ಲಿ ಆಮ್ಲಜನಕದ ಮಟ್ಟ ಇಳಿಯುತ್ತದಾ ಎಂದೂ ನೋಡಿಸಬೇಕು. ಕೂತಾಗ ಬೆರಳಿನ ಮೀಟರ್ 98 ತೋರಿಸಿದರೆ ಸಾಲದು. ಆಸ್ತಮಾ ಇದ್ದು ಕಳೆದ 48 ಗಂಟೆಯಲ್ಲಿ ಉಬ್ಬಸಕ್ಕೆ ಇನ್‌ಹೇಲರ್ ಬೇಕಾಗಿದ್ದರೆ ಅವತ್ತು ಡೈವ್ ಇಲ್ಲ. ಚಳಿಗೆ ಅಥವಾ ಓಡಿದರೆ ಉಬ್ಬಸ ಬರುವವರು ದೂರವೇ ಉಳಿಯಬೇಕು.

ಶುಗರ್. ಇದರ ನಿಯಮಗಳು ಚೆನ್ನಾಗಿ, ಅಂಕಿ ಸಮೇತ ಇವೆ. ಇನ್ಸುಲಿನ್ ಶುರುವಾಗಿ 1 ವರ್ಷ, ಮಾತ್ರೆ ಶುರುವಾಗಿ 3 ತಿಂಗಳು ಕಾಯಬೇಕು. ಹಿಂದಿನ 12 ತಿಂಗಳಲ್ಲಿ ಇನ್ನೊಬ್ಬರ ನೆರವು ಬೇಕಾಗುವಷ್ಟು ಶುಗರ್ ಇಳಿದಿರಬಾರದು. ಡೈವ್‌ಗೆ 60 ನಿಮಿಷ ಮೊದಲು, 30 ನಿಮಿಷ ಮೊದಲು, ಇನ್ನೇನು ನೀರಿಗಿಳಿಯಬೇಕು ಅನ್ನುವಾಗ ಹೀಗೆ ಮೂರು ಸಲ ಪರೀಕ್ಷಿಸಿ. 150ಕ್ಕಿಂತ ಕಡಿಮೆ ಇದ್ದರೆ ಅಥವಾ ಇಳಿಯುತ್ತಿದ್ದರೆ ಕಾಯಿರಿ. 300 ದಾಟಿದ್ದರೂ ಅಷ್ಟೇ. ಆಳ 30 ಮೀಟರ್, ಸಮಯ 60 ನಿಮಿಷ ಮೀರಬಾರದು. ನೀರಿನಡಿಯೂ ಕುಡಿಯಬಹುದಾದ ಗ್ಲೂಕೋಸ್ ಜೆಲ್ ನಿಮ್ಮ ಜೇಬಿನಲ್ಲಿರಬೇಕು, ಅದು ಎಲ್ಲಿದೆ ಅಂತ ಜೊತೆಗೆ ಡೈವ್ ಮಾಡುವ ಗೆಳೆಯ, ಅಂದರೆ ‘ಬಡ್ಡಿ’ಗೂ ಗೊತ್ತಿರಬೇಕು.

ಕ್ಯಾನ್ಸರ್. ಗೆಡ್ಡೆ ಹೋಯಿತು ಅನ್ನುವುದರ ಜೊತೆಗೆ ಚಿಕಿತ್ಸೆ ಏನು ಬಿಟ್ಟುಹೋಗಿದೆ ಎಂದು ನೋಡಬೇಕು. ಎದೆಗೆ ರೇಡಿಯೇಷನ್ ಆಗಿದ್ದರೆ ಶ್ವಾಸಕೋಶದಲ್ಲಿ ಕಲೆ ಇರಬಹುದು. ಡಾಕ್ಸೋರುಬಿಸಿನ್ ಥರದ ಔಷಧಿ ಹೃದಯವನ್ನು ದುರ್ಬಲಗೊಳಿಸಬಹುದು. ಬ್ಲಿಯೋಮೈಸಿನ್ ತಗೊಂಡವರು ವಿಶೇಷ ಹುಷಾರು. ಆ ಔಷಧಿಯ ನಂತರ ಹೆಚ್ಚು ಆಮ್ಲಜನಕ ಉಸಿರಾಡುವುದು ಶ್ವಾಸಕೋಶಕ್ಕೆ ಹಾನಿ ಮಾಡಬಹುದು. ಡೈವಿಂಗ್ ಅಪಘಾತದ ಮೊದಲ ಚಿಕಿತ್ಸೆಯೇ ಶುದ್ಧ ಆಮ್ಲಜನಕ, ಅಲ್ವಾ? ಹಾಗಾಗಿ ಈ ಮಾತು ವೈದ್ಯರ ಬಳಿ ಮುಂಚೆಯೇ ಆಗಿರಬೇಕು. ಕೀಮೋದಿಂದ ಕೈಕಾಲು ಜೋಮು ಉಳಿದಿದ್ದರೆ ಮೊದಲ ಹಂತದ ಹಾಳೆಗೆ ಸೇರಿಸಿ.

ಫಿಟ್ಸ್, ಪಾರ್ಶ್ವವಾಯು. ಫಿಟ್ಸ್ ಬರುತ್ತಿದ್ದರೆ ಅಥವಾ ಅದಕ್ಕೆ ಮಾತ್ರೆ ನಡೆಯುತ್ತಿದ್ದರೆ ಬೇಡ. ಪಾರ್ಶ್ವವಾಯು ಆದವರಿಗೆ ಕಾರಣ ಏನು, ಮತ್ತೆ ಬರುವ ಸಾಧ್ಯತೆ ಎಷ್ಟು ಅನ್ನುವುದರ ಮೇಲೆ ತೀರ್ಮಾನ.

ಕಿವಿ. ಹರಿದ ತಮಟೆ ಪೂರ್ತಿ ಮಾಯ್ದಿರಬೇಕು, ಗಾಳಿ ಊದಿದಾಗ ತಮಟೆ ಅಲುಗುವುದನ್ನು ಇಎನ್‌ಟಿ ವೈದ್ಯರು ಕಣ್ಣಾರೆ ನೋಡಿರಬೇಕು.

ಹಿಂದೆ ಬೆಂಡ್ಸ್ ಆಗಿದ್ದರೆ. ನರದ ತೊಂದರೆ ಇನ್ನೂ ಉಳಿದಿದ್ದರೆ ನೀರಿನ ಮಾತೇ ಬೇಡ. ಉಳಿದಿಲ್ಲ ಅಂದರೂ ಪಿಎಫ್‌ಒ ಪರೀಕ್ಷೆ ಬೇಕಾ ಅಂತ ಕೇಳಿ. ಅದರಲ್ಲೂ ಡೈವ್ ಕಂಪ್ಯೂಟರ್ (ಆಳ, ಸಮಯದ ಲೆಕ್ಕ ಇಡುವ ಸಾಧನ) ತೋರಿಸಿದ ಮಿತಿಯೊಳಗೇ ಡೈವ್ ಮಾಡಿದ್ದರೂ ಬೆಂಡ್ಸ್ ಬಂದಿದ್ದರೆ ಕೇಳಲೇಬೇಕು.

## ಹಂತ 4: ಮಾತ್ರೆಗಳ ಲೆಕ್ಕ

ಬೀಟಾ ಬ್ಲಾಕರ್ ಮಾತ್ರೆಗಳು ಹೃದಯದ ವೇಗವನ್ನು ಹಿಡಿದಿಡುತ್ತವೆ. ನೆಲದ ಮೇಲೆ ಅದೇ ಒಳ್ಳೆಯದು. ಹರಿವಿಗೆ ಎದುರಾಗಿ ಈಜಬೇಕಾದಾಗ ಮಾತ್ರ ಹೃದಯ ಕೇಳಿದಷ್ಟು ಓಡುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಕಿವಿ, ಸೈನಸ್‌ಗೆ ಆಗುವ ಸಣ್ಣ ಪೆಟ್ಟೂ ದೊಡ್ಡ ರಕ್ತಸ್ರಾವ ಆಗಬಹುದು. ನಿದ್ದೆ ತರಿಸುವ, ಮಂಪರು ಬರಿಸುವ ಮಾತ್ರೆಗಳು ಆಳದ ಒತ್ತಡದಲ್ಲಿ ಉಸಿರಿನ ಸಾರಜನಕ ಏರಿಸುವ ಅಮಲಿನ ಜೊತೆ ಸೇರಿಕೊಳ್ಳುತ್ತವೆ.

ಮೂಗು ಕಟ್ಟಿದೆ ಅಂತ ಅವತ್ತೇ ಒಂದು ಮಾತ್ರೆ ನುಂಗಿ ಇಳಿಯಬೇಡಿ. ಸ್ಯೂಡೋಎಫೆಡ್ರಿನ್ ಇರುವ ಮಾತ್ರೆ ಬಿಪಿ ಏರಿಸುತ್ತದೆ. ಮಧ್ಯದಲ್ಲಿ ಅದರ ಪ್ರಭಾವ ಇಳಿದರೆ ಮೇಲೆ ಬರುವಾಗ ಕಿವಿಯಲ್ಲಿ ಗಾಳಿ ಸಿಕ್ಕಿಬೀಳುತ್ತದೆ. ಅದಕ್ಕಿಂತ ದೊಡ್ಡ ತಪ್ಪು, ಡೈವ್ ಚೆನ್ನಾಗಿರಲಿ ಅಂತ ಹೃದಯದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು. ವೈದ್ಯರನ್ನು ಕೇಳದೆ ಒಂದು ಹೊತ್ತಿನದೂ ಬಿಡಬೇಡಿ.

## ಹಂತ 5: ನೆಲದ ಮೇಲೆ ಗಟ್ಟಿಯಾಗಿ

ದೇಹದ ಶ್ರಮವನ್ನು ಅಳೆಯುವ ಮಾನ ‘ಮೆಟ್’. ಸುಮ್ಮನೆ ಕೂತರೆ 1 ಮೆಟ್. ಫಿಟ್‌ನೆಸ್ ಬಗ್ಗೆ ಸಂದೇಹ ಇರುವ ಡೈವರ್‌ಗೆ ಟ್ರೆಡ್‌ಮಿಲ್‌ನಲ್ಲಿ 10 ಮೆಟ್ ಮುಟ್ಟಿ ಎನ್ನುತ್ತಾರೆ. ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬಳಸುವ ಬ್ರೂಸ್ ಪರೀಕ್ಷೆಯಲ್ಲಿ ಇದು ಮೂರನೇ ಹಂತ ಮುಗಿಸುವುದು, ಅಂದರೆ 9 ನಿಮಿಷ. ಪಕ್ಕದ ಕಂಬಿ ಹಿಡಿದುಕೊಂಡು ಮುಗಿಸಿದರೆ ಲೆಕ್ಕಕ್ಕಿಲ್ಲ. ದಿನಾ ತಗೊಳ್ಳುವ ಮಾತ್ರೆ ತಗೊಂಡೇ ಈ ಪರೀಕ್ಷೆ ಆಗಲಿ, ಏಕೆಂದರೆ ಡೈವ್ ಮಾಡುವಾಗಲೂ ಅದು ದೇಹದಲ್ಲಿರುತ್ತದೆ. ರೋಗ ಪತ್ತೆಗೆ ಮಾಡುವ ಪರೀಕ್ಷೆಯಲ್ಲಿ ಮಾತ್ರೆ ನಿಲ್ಲಿಸಲು ಹೇಳುವುದುಂಟು. ಹಾಗಾಗಿ ಯಾತಕ್ಕೆ ಈ ಪರೀಕ್ಷೆ ಎಂದು ಮುಂಚೆಯೇ ತಿಳಿಸಿ.

ಅಲ್ಲಿಗೆ ತಲುಪುವ ದಾರಿ: ಮೊದಲು ಸಮತಟ್ಟಿನಲ್ಲಿ ಬಿರುಸಿನ ನಡಿಗೆ, ಆಮೇಲೆ ಏರು ದಾರಿ, ಆಮೇಲೆ ಈಜು, ಕೊನೆಗೆ ಫಿನ್ ಹಾಕಿಕೊಂಡು ಈಜು. ಈಜಿನಲ್ಲಿ ನಿಲ್ಲದೆ 200 ಮೀಟರ್, ಆಮೇಲೆ 10 ನಿಮಿಷ ತೇಲುವುದು ಆಗಬೇಕು. ಮೊದಲ ಸಲ ಕೋರ್ಸ್ ಮಾಡುವಾಗ ಕೇಳಿದ್ದೂ ಇಷ್ಟನ್ನೇ. ಈಗ ಇದೂ ಕಷ್ಟ ಅನ್ನಿಸಿದರೆ ಸಮುದ್ರಕ್ಕೆ ಇನ್ನೂ ಟೈಮ್ ಇದೆ.

ನಿಲ್ಲಿಸಬೇಕಾದ ಸೂಚನೆಗಳು: ಎದೆ ಹಿಡಿದಂತಾಗುವುದು, ದವಡೆ ಅಥವಾ ಎಡಗೈಗೆ ಹರಿಯುವ ನೋವು, ತಲೆ ಸುತ್ತು, ಎದೆಬಡಿತ ತಪ್ಪಿದಂತೆ ಅನ್ನಿಸುವುದು, ನಿಂತು ಐದು ನಿಮಿಷವಾದರೂ ಇಳಿಯದ ಏದುಸಿರು. ಇವುಗಳಲ್ಲಿ ಒಂದು ಕಂಡರೂ ವಾಪಸ್ ಹಂತ 2ಕ್ಕೆ.

## ಹಂತ 6: ಗೇರ್

ನೀವು ಮಲಗಿದ್ದ ಅಷ್ಟೂ ತಿಂಗಳು ನಿಮ್ಮ ಗೇರ್ ಕೂಡ ಮೂಲೆಯಲ್ಲಿ ಮಲಗಿತ್ತು. ರೆಗ್ಯುಲೇಟರ್ ಸರ್ವಿಸ್ ಮಾಡಿಸಿ. ಸಿಲಿಂಡರ್ ನಿಮ್ಮದೇ ಆಗಿದ್ದರೆ ಒಳಗಿನ ತಪಾಸಣೆ, ಒತ್ತಡ ಪರೀಕ್ಷೆಯ ತಾರೀಖು ನೋಡಿ. ಡೈವ್ ಕಂಪ್ಯೂಟರ್ ಬ್ಯಾಟರಿ ಬದಲಿಸಿ. ಬಿಸಿಡಿಯ (ಗಾಳಿ ತುಂಬಿ, ಬಿಟ್ಟು ತೇಲುವಿಕೆ ಹತೋಟಿಯಲ್ಲಿಡುವ ಜಾಕೆಟ್) ಗಾಳಿ ತುಂಬುವ ಇನ್‌ಫ್ಲೇಟರ್ ಬಟನ್ ಹತ್ತು ಸಲ ಒತ್ತಿ ಬಿಡಿ. ಉಪ್ಪು ಕಟ್ಟಿದ ಬಟನ್ ಒಳಗೇ ಸಿಕ್ಕಿಕೊಂಡರೆ ಬಿಸಿಡಿ ತಾನೇ ಉಬ್ಬಿ ನಿಮ್ಮನ್ನು ಮೇಲಕ್ಕೆ ಎಸೆಯುತ್ತದೆ.

ವೆಟ್‌ಸೂಟ್ ಹಾಕಿ ನೋಡಿ. ಸ್ಟೆರಾಯ್ಡ್ ಅಥವಾ ಬೆಡ್‌ರೆಸ್ಟ್‌ನಿಂದ ತೂಕ ಏರಿದ್ದರೆ ಹಳೆಯ ಸೂಟ್ ಎದೆ ಬಿಗಿಯುತ್ತದೆ. ‘ಹೆಂಗೋ ಜಿಪ್ ಹಾಕಿದೆ’ ಅನ್ನುವ ಸೂಟ್ ಹೃದ್ರೋಗಿಗೆ ಬೇಡವೇ ಬೇಡ, ಯಾಕೆ ಅಂತ ಒಂಬತ್ತನೇ ಹಂತದಲ್ಲಿ ಗೊತ್ತಾಗುತ್ತದೆ. ಸ್ತನ ಕ್ಯಾನ್ಸರ್ ಆಪರೇಷನ್ ನಂತರ ಕೈ ಊದುವವರು ತೋಳು, ಮುಂಗೈ ಕೂಡ ಸಡಿಲ ಇದೆಯಾ ನೋಡಬೇಕು.

## ಹಂತ 7: ಪೂಲಿನಲ್ಲಿ ಮತ್ತೆ ಮೊದಲಿನಿಂದ

ಇನ್‌ಸ್ಟ್ರಕ್ಟರ್ ಜೊತೆ ಮಾತ್ರ. ಹಳೆಯ ಗೆಳೆಯ ಎಷ್ಟೇ ನುರಿತ ಡೈವರ್ ಆದರೂ ಅವನಿಗೆ ನಿಮ್ಮನ್ನು ನೋಡುತ್ತಾ ಇರುವ ಅಭ್ಯಾಸ ಇರುವುದಿಲ್ಲ.

ಮೊದಲು ತೂಕದ ಪರೀಕ್ಷೆ, ಅಂದರೆ ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ ಎಷ್ಟು ಬೇಕು ಅಂತ ನೋಡುವುದು. ಕಾಯಿಲೆ ನಿಮ್ಮ ಮೈಯ ಕೊಬ್ಬು, ಸ್ನಾಯು ಎರಡನ್ನೂ ಬದಲಿಸಿರುತ್ತದೆ. ಲಾಗ್‌ಬುಕ್‌ನಲ್ಲಿ ಬರೆದ ಹಳೆಯ ಕೆಜಿ ಮರೆತುಬಿಡಿ. ಪೂರ್ತಿ ಗೇರ್ ಹಾಕಿ, ಕಾಲಾಡಿಸದೆ ನೇರ ನಿಲ್ಲಿ. ಬಿಸಿಡಿಯ ಗಾಳಿ ಪೂರ್ತಿ ಬಿಡಿ. ಸಾಮಾನ್ಯ ಉಸಿರು ತಗೊಂಡು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು, ಉಸಿರು ಬಿಟ್ಟಾಗ ನಿಧಾನವಾಗಿ ಮುಳುಗಬೇಕು. ತಲೆ ಪೂರ್ತಿ ಹೊರಗಿದ್ದರೆ ಒಂದು ಕೆಜಿ ಸೇರಿಸಿ, ಗುಂಡಿನಂತೆ ಇಳಿದರೆ ಒಂದು ಕೆಜಿ ತೆಗೆಯಿರಿ. ತುಂಬಿದ ಸಿಲಿಂಡರಿನಲ್ಲಿ ಈ ಪರೀಕ್ಷೆ ಮಾಡಿದ್ದರೆ ಸುಮಾರು 2 ಕೆಜಿ ಸೇರಿಸಬೇಕು, ಡೈವ್ ಮುಗಿಯುವಷ್ಟರಲ್ಲಿ ನೀವು ಬಳಸಿದ ಗಾಳಿಯ ತೂಕ ಅದು. ಉಪ್ಪುನೀರಿನಲ್ಲಿ ಇನ್ನೊಮ್ಮೆ ನೋಡಬೇಕು. ಜಾಸ್ತಿ ತೂಕ ಕಟ್ಟಿಕೊಂಡವರು ಇಡೀ ಡೈವ್ ಫಿನ್ ಬೀಸುತ್ತಲೇ ಇರುತ್ತಾರೆ, ಹೃದಯಕ್ಕೆ ಬೇಡದ ಕೆಲಸ.

ನಂತರ ಕೌಶಲಗಳು, ಇದೇ ಕ್ರಮದಲ್ಲಿ: ಮಾಸ್ಕ್‌ನ ನೀರು ಹೊರಹಾಕುವುದು, ಕಳೆದ ರೆಗ್ಯುಲೇಟರ್ ಹುಡುಕಿ ಬಾಯಿಗಿಡುವುದು, ಬಡ್ಡಿಯ ಬದಲಿ ರೆಗ್ಯುಲೇಟರಿನಲ್ಲಿ ಉಸಿರಾಡುವುದು, ಒಂದೇ ಮಟ್ಟದಲ್ಲಿ ತೇಲುವುದು, ಮೇಲ್ಮೈಯಲ್ಲಿ ತೂಕ ಕಳಚುವುದು. ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಎದೆ ನೋವು ಬಂದಾಗ ಬೇಕಾಗುವುದು ಅದೇ. ಭುಜದ ಆಪರೇಷನ್ ಆದವರು ಸಿಲಿಂಡರ್ ವಾಲ್ವ್‌ಗೆ, ಪಕ್ಕೆಯ ಬಕಲ್‌ಗೆ ಕೈ ಎಟುಕುತ್ತದಾ ಎಂದು ಇಲ್ಲೇ ನೋಡಿಕೊಳ್ಳಲಿ.

ಮಾಸ್ಕ್ ತೆಗೆದ ಕೂಡಲೇ ಗಾಬರಿಯಾಯಿತಾ? ಐಸಿಯುನಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿಸಿಕೊಂಡು ಮಲಗಿದ್ದವರಿಗೆ ಇದು ಆಗುವಂಥದ್ದೇ. ನಾಚಿಕೆ ಬೇಡ, ಹೇಳಿ. ಒಂದು ಪೂಲ್ ಸೆಷನ್ ಸಾಲದಿದ್ದರೆ ಇನ್ನೊಂದು ಹಾಕಿಸಿಕೊಳ್ಳಿ.

## ಹಂತ 8: ಈಗ ಬುಕ್ ಮಾಡಿ, ಬಾಯಿಬಿಟ್ಟು ಹೇಳಿ

ಇನ್ಶೂರೆನ್ಸ್ ಮೊದಲು. ಹಳೆಯ ಕಾಯಿಲೆಗೂ ಅದು ಅನ್ವಯಿಸುತ್ತದಾ ಅಂತ ಬರಹದಲ್ಲಿ ತಗೊಳ್ಳಿ. ಆಮೇಲೆ ಡೈವ್ ಸೆಂಟರನ್ನು ಕೇಳಿ: ದೋಣಿಯಲ್ಲಿ ಆಮ್ಲಜನಕದ ಕಿಟ್ ಇದೆಯಾ, ಅದು ಎಷ್ಟು ಹೊತ್ತು ಬರುತ್ತದೆ, ಹತ್ತಿರದ ರಿಕಂಪ್ರೆಷನ್ ಚೇಂಬರ್ (ಬೆಂಡ್ಸ್‌ಗೆ ಒತ್ತಡದ ಚಿಕಿತ್ಸೆ ಕೊಡುವ ಕೋಣೆ) ಎಲ್ಲಿದೆ, ನೀರಿನಲ್ಲೇ ಗೇರ್ ಕಳಚಿ ಮೇಲೆ ಕೊಡಬಹುದಾ, ನಿಮಗೊಬ್ಬರಿಗೇ ಒಬ್ಬ ಗೈಡ್ ಸಿಗುತ್ತಾರಾ. ಇಷ್ಟಕ್ಕೆ ಗೊಣಗುವ ಸೆಂಟರ್ ನಿಮಗೆ ಬೇಡ.

ಬಡ್ಡಿಗೆ ಮತ್ತು ಗೈಡ್‌ಗೆ ಕಾಯಿಲೆಯ ಪೂರ್ತಿ ಪುರಾಣ ಬೇಕಿಲ್ಲ. ಏನಾಗಿತ್ತು, ಈಗ ಏನು ಆಗಬಹುದು, ಆದರೆ ಅವರು ಏನು ಮಾಡಬೇಕು ಅಂತ ಹೇಳಿ. ‘ಹೋದ ವರ್ಷ ಸ್ಟೆಂಟ್ ಹಾಕಿದ್ದಾರೆ. ನಾನು ಎದೆ ಮುಟ್ಟಿಕೊಂಡು ಮೇಲೆ ಹೋಗೋಣ ಅಂತ ಸನ್ನೆ ಮಾಡಿದರೆ ಯಾಕೆ ಅಂತ ಕೇಳಬೇಡಿ, ಮೇಲೆ ಕರ್ಕೊಂಡು ಹೋಗಿ.’ ಇಷ್ಟೇ ಸಾಕು.

## ಹಂತ 9: ಮೊದಲ ಸಮುದ್ರದ ಡೈವ್

ಸಮುದ್ರ ಶಾಂತ ಇರುವ ದಿನ, ಹರಿವಿಲ್ಲದ ಜಾಗ, ಬೆಚ್ಚಗಿನ ನೀರು, 10ರಿಂದ 12 ಮೀಟರ್ ಆಳ, ಅವತ್ತಿಗೆ ಒಂದೇ ಡೈವ್. ಕಂಪ್ಯೂಟರನ್ನು ಅತಿ ಎಚ್ಚರಿಕೆಯ ಸೆಟ್ಟಿಂಗ್‌ಗೆ ಹಾಕಿ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ನೀರು ಆಗಾಗ ಸ್ವಲ್ಪ ಸ್ವಲ್ಪ ಕುಡಿಯಿರಿ. ಒಂದೇ ಸಲ ಲೀಟರ್‌ಗಟ್ಟಲೆ ಬೇಡ.

ಹಗ್ಗ ಹಿಡಿದು ಕಾಲು ಕೆಳಗಾಗಿ ಇಳಿಯಿರಿ. ಕಿವಿಯ ಒತ್ತಡವನ್ನು ನೀರಿನ ಮೇಲಿರುವಾಗಲೇ ಒಮ್ಮೆ, ಆಮೇಲೆ ಅರ್ಧ ಮೀಟರಿಗೊಮ್ಮೆ ಸರಿಮಾಡುತ್ತಾ ಹೋಗಿ. ನೋವು ಬರುವವರೆಗೆ ಕಾಯಬೇಡಿ. ಬಿಗಿ ಅನ್ನಿಸಿದರೆ ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಮೂರು ಸಲ ಆಗಲಿಲ್ಲ ಅಂದರೆ ಅವತ್ತಿನ ಡೈವ್ ಮುಗಿಯಿತು. ಜೋರಾಗಿ ಊದಿ ತೆರೆಸಲು ಹೋದರೆ ಒಳಕಿವಿಗೇ ಪೆಟ್ಟಾಗಬಹುದು.

ಈಗ ಒಂದು ಅಪಾಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಬಿಪಿ, ಹೃದಯದ ತೊಂದರೆ ಇರುವವರಲ್ಲಿ ಇದು ಹೆಚ್ಚು, ಗೊತ್ತಿರುವವರು ಕಡಿಮೆ. ನೀರಿನ ಒತ್ತಡ, ಚಳಿ, ಶ್ರಮ, ಬಿಗಿಯಾದ ಸೂಟ್ ಎಲ್ಲ ಸೇರಿ ಶ್ವಾಸಕೋಶದೊಳಗೇ ದ್ರವ ಒಸರಲು ಶುರುವಾಗುತ್ತದೆ. ವೈದ್ಯರು ಇದನ್ನು ಇಮ್ಮರ್ಶನ್ ಪಲ್ಮನರಿ ಎಡೀಮಾ ಎನ್ನುತ್ತಾರೆ. ಡೈವರ್‌ಗೆ ಇದ್ದಕ್ಕಿದ್ದಂತೆ ಉಸಿರು ಸಾಲದು. ಹೆಚ್ಚಿನವರು ಅಂದುಕೊಳ್ಳುವುದು ‘ರೆಗ್ಯುಲೇಟರ್ ಗಾಳಿ ಕೊಡ್ತಿಲ್ಲ’ ಅಂತ. ಬಡ್ಡಿಯ ರೆಗ್ಯುಲೇಟರ್ ಹಾಕಿಕೊಂಡರೂ ಅದೇ ಕತೆ. ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು, ಕೆಲವೊಮ್ಮೆ ಗುಲಾಬಿ ಬಣ್ಣದ ನೊರೆ. ಕಾಯಬೇಡಿ. ಹತೋಟಿಯಲ್ಲೇ ಮೇಲೆ ಬನ್ನಿ, ನೀರಿನಿಂದ ಪೂರ್ತಿ ಹೊರಗೆ ಬನ್ನಿ, ಸೂಟ್ ಜಿಪ್ ಬಿಚ್ಚಿ, ನೆಟ್ಟಗೆ ಕೂತು ಆಮ್ಲಜನಕ ತಗೊಳ್ಳಿ, ಆಸ್ಪತ್ರೆಗೆ ಹೋಗಿ. ಬೆಂಡ್ಸ್ ಆದವರನ್ನು ಮಲಗಿಸುತ್ತಾರೆ, ಇವರನ್ನು ಕೂರಿಸಬೇಕು. ಒಂದು ಸಲ ಬಂದವರಿಗೆ ಮತ್ತೆ ಬರಬಹುದು, ಹಾಗಾಗಿ ಪೂರ್ತಿ ಪರೀಕ್ಷೆ ಆಗುವವರೆಗೆ ಈಜಿಗೂ ಇಳಿಯಬೇಡಿ.

ಸಿಲಿಂಡರಿನ ಗಾಳಿಯ ಒತ್ತಡ 100 ಬಾರ್‌ಗೆ ಇಳಿದಾಗ ವಾಪಸ್ ತಿರುಗಿ. ಮೇಲೆ ಬರುವ ವೇಗ ನಿಮಿಷಕ್ಕೆ 9 ಮೀಟರ್ ಮೀರದಿರಲಿ. 5 ಮೀಟರಿನಲ್ಲಿ 3 ನಿಮಿಷ ನಿಲ್ಲಿ, ಬೇಕಿದ್ದರೆ ಇನ್ನೂ ಎರಡು ನಿಮಿಷ.

ಇಡೀ ಡೈವ್‌ನಲ್ಲಿ ಅತಿ ಹೆಚ್ಚು ಶ್ರಮ ಬೀಳುವುದು ಕೊನೆಗೆ, ಏಣಿಯ ಮೇಲೆ. ದೋಣಿ ಅಲುಗಾಡುತ್ತಿರುತ್ತದೆ, ಬೆನ್ನಿನ ಮೇಲೆ 20 ಕೆಜಿಗೂ ಹೆಚ್ಚು. ಅಷ್ಟು ಹೊತ್ತು ಎದೆಗೆ ಸರಿದಿದ್ದ ರಕ್ತ ನೀರಿನಿಂದ ಹೊರಬರುತ್ತಿದ್ದಂತೆ ಕಾಲಿಗೆ ಇಳಿಯುತ್ತದೆ, ತಲೆ ಸುತ್ತಬಹುದು. ಹೀಗೆ ಮಾಡಿ: ನೀರಿನಲ್ಲಿರುವಾಗಲೇ ಬಿಸಿಡಿ ಉಬ್ಬಿಸಿ. ಮೊದಲು ತೂಕ ಕಳಚಿ ಮೇಲೆ ಕೊಡಿ, ಆಮೇಲೆ ಬಿಸಿಡಿ ಸಮೇತ ಸಿಲಿಂಡರ್. ಏಣಿಯನ್ನು ಗಟ್ಟಿಯಾಗಿ ಹಿಡಿದ ಮೇಲಷ್ಟೇ ಫಿನ್ ತೆಗೆಯಿರಿ. ಮೇಲೆ ಬಂದು ಕೂತುಬಿಡಿ. ಎಲ್ಲರೂ ಗೇರ್ ಹೊತ್ತೇ ಹತ್ತುತ್ತಿದ್ದಾರೆ ಅನ್ನುವ ಮುಜುಗರ ಬೇಡ.

## ಹಂತ 10: ಮುಂದಿನ 24 ಗಂಟೆ

ಬೆಂಡ್ಸ್ ಲಕ್ಷಣಗಳು ಹೆಚ್ಚಾಗಿ ಮೊದಲ ಕೆಲವು ಗಂಟೆಗಳಲ್ಲೇ ಕಾಣಿಸುತ್ತವೆ. ಕೀಲು ನೋವು, ಚರ್ಮದ ಮೇಲೆ ಕಲೆಕಲೆ, ಹೊಸ ಜೋಮು, ಕಾಲು ಬಲವಿಲ್ಲದಂತಾಗುವುದು, ಮೂತ್ರ ಕಟ್ಟುವುದು, ಮಾಡಿದ ಕೆಲಸಕ್ಕೆ ಮೀರಿದ ಸುಸ್ತು. ಮೊದಲ ಹಂತದ ಹಾಳೆ ತೆಗೆದು ಹೋಲಿಸಿ. ಅದರಲ್ಲಿ ಇಲ್ಲದ್ದು ಕಂಡರೆ ಆಮ್ಲಜನಕ ಶುರು ಮಾಡಿ, ಡ್ಯಾನ್ ಅಥವಾ ಸ್ಥಳೀಯ ತುರ್ತು ನೆರವಿಗೆ ಫೋನ್ ಮಾಡಿ. ಬ್ಲಿಯೋಮೈಸಿನ್ ತಗೊಂಡವರು ಅದನ್ನು ಮೊದಲ ವಾಕ್ಯದಲ್ಲೇ ಹೇಳಿ. ‘ಹಳೇ ನೋವೇ ಇರಬೇಕು, ಬೆಳಗ್ಗೆ ನೋಡೋಣ’ ಅಂತ ಮಲಗುವುದು ತುಂಬಾ ಜನ ಮಾಡುವ ತಪ್ಪು.

ಅವತ್ತು ಜಿಮ್ ಬೇಡ, ಕುದಿಯುವಂಥ ಬಿಸಿನೀರ ಸ್ನಾನ ಬೇಡ. ಒಂದೇ ಡೈವ್ ಆಗಿದ್ದರೆ ವಿಮಾನಕ್ಕೆ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ 18 ಗಂಟೆ ಅಂತರ ಎನ್ನುತ್ತದೆ ನಿಯಮ. ದೊಡ್ಡ ಕಾಯಿಲೆ ದಾಟಿ ಬಂದವರು 24 ಗಂಟೆ ಇಟ್ಟುಕೊಂಡರೆ ಕಳೆದುಕೊಳ್ಳುವುದೇನೂ ಇಲ್ಲ.

ಮೊದಲ ಡೈವ್ ಸಲೀಸಾಗಿ ಆಯಿತು ಅಂತ ಮಾರನೇ ದಿನವೇ 25 ಮೀಟರಿಗೆ ಹೋಗಬೇಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಆಳ, ಅಥವಾ ಸಮಯ, ಅಥವಾ ಡೈವ್‌ಗಳ ಸಂಖ್ಯೆ. ಎರಡನ್ನು ಒಟ್ಟಿಗೆ ಏರಿಸಿದರೆ, ತೊಂದರೆ ಬಂದಾಗ ಯಾವುದರಿಂದ ಬಂತು ಎಂದು ಹೇಳಲಾಗುವುದಿಲ್ಲ.

## ಮತ್ತೆ ವೈದ್ಯರ ಬಳಿ ಯಾವಾಗ

ಹೊಸ ಮಾತ್ರೆ ಶುರುವಾದರೆ, ಡೋಸ್ ಬದಲಾದರೆ, ಆಸ್ಪತ್ರೆಗೆ ಸೇರಬೇಕಾಗಿ ಬಂದರೆ, ಮೊದಲು ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲು ಈಗ ಏದುಸಿರು ತರಿಸಿದರೆ, ಹಳೆಯ ಅನುಮತಿ ಅಲ್ಲಿಗೆ ಮುಗಿಯಿತು. ಏನೂ ಆಗದಿದ್ದರೂ ವರ್ಷಕ್ಕೊಮ್ಮೆ ತೋರಿಸಿ. ಹೋಗುವಾಗ ಲಾಗ್‌ಬುಕ್ ಒಯ್ಯಿರಿ. ಪ್ರತಿ ಡೈವ್‌ನ ಆಳ, ನೀರಿನ ತಾಪ, ಉಳಿದ ಗಾಳಿಯ ಜೊತೆ ಏಣಿ ಹತ್ತಿದಾಗ ಹೇಗಿತ್ತು ಅಂತಲೂ ಒಂದು ಸಾಲು ಬರೆದಿದ್ದರೆ ವೈದ್ಯರು ಮೊದಲು ಓದುವುದು ಅದನ್ನೇ.